ಅಂಗುಲಕ್ಕೆ ಇಪ್ಪತ್ತು ಸರಪಳಿ

ಕನ್ನಡದಲ್ಲಿ ಪ್ರಮಾಣವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ನಕಾಶೆಯ ಅಂಚಿನಲ್ಲಿ ಬರೆಯುವ ಅಳತೆಯ ಅನುಪಾತಕ್ಕೂ ಪ್ರಮಾಣವೆಂದೇ ಹೆಸರು. ದೇವರ ಮುಂದಾಗಲಿ ನ್ಯಾಯಾಧಿಪತಿಯ ಮುಂದಾಗಲಿ ನಿಂತು, ಸತ್ಯವನ್ನೇ ನುಡಿಯುವೆನೆಂದು ಹೇಳುವ ಮಾತಿಗೂ ಪ್ರಮಾಣವೆಂದೇ ಹೆಸರು. ಒಂದು ಅಂಕಗಣಿತಕ್ಕೆ ಸೇರಿದುದು, ಇನ್ನೊಂದು ಧರ್ಮಕ್ಕೆ ಸೇರಿದುದು. ಎರಡಕ್ಕೂ ಸಂಬಂಧವಿಲ್ಲವೆಂದು ಸಾಮಾನ್ಯವಾಗಿ ಜನ ತಿಳಿಯುತ್ತಾರೆ. ಸಂಬಂಧವಿದೆಯೆಂದು ತಿಳಿದಿದ್ದವರು ತುಮಕೂರು ಸೀಮೆಯ ಒಂದು ಗ್ರಾಮದಲ್ಲಿದ್ದ ನಿವೃತ್ತ ಭೂಮಾಪಕರೊಬ್ಬರು. ಅದನ್ನು ಅವರು ಯಾವ ಗ್ರಂಥದಿಂದಲೂ ಕಲಿತವರಲ್ಲ. ಮೂವತ್ತೆಂಟು ವರ್ಷಗಳ ಕಾಲ ಪರರ ಹೊಲಗಳಲ್ಲಿ ಸರಪಳಿ ಎಳೆಸಿ, ಪರರ ಜಗಳಗಳ ನಡುವೆ ನಿಂತು ಕಲಿತವರು.

ನಿವೃತ್ತರಾದ ಮೇಲೆ ಅವರ ಬಳಿ ಉಳಿದ ಆಸ್ತಿಯೆಂದರೆ ಒಂದು ಮರದ ಪೆಟ್ಟಿಗೆ. ಅದರಲ್ಲಿ ಕೈವಾರ, ಮಸಿ ಒಣಗಿದ ಗೆರೆಲೇಖನಿ, ಒಂದು ಭೂತಗನ್ನಡಿ, ಮತ್ತು ಹಳದಿ ತಿರುಗಿದ ಒಂದು ಅಳತೆಪಟ್ಟಿ. ಆ ಪಟ್ಟಿಯಲ್ಲಿ ಒಂದೊಂದು ಅಂಗುಲಕ್ಕೂ ಇಪ್ಪತ್ತು ಗೀಟು. ಮಕ್ಕಳು ಪೆಟ್ಟಿಗೆಯನ್ನು ಮುಟ್ಟಿದರೆ ಅವರು ಗದರುತ್ತಿರಲಿಲ್ಲ. ಆ ಪಟ್ಟಿಯಿಂದ ಬೆನ್ನು ಕೆರೆದುಕೊಂಡರೆ ಮಾತ್ರ ಗದರುತ್ತಿದ್ದರು. "ಗೀಟು ಸವೆದರೆ ಎಷ್ಟು ಜನರ ಮನೆ ಮುರಿಯುತ್ತದೆ ಗೊತ್ತೆ?" ಎಂಬುದು ಅವರ ಮಾತು. ಮನೆಯವರು ಅದನ್ನು ವಯಸ್ಸಾದವರ ಹಳೆಯ ಅಭಿಮಾನವೆಂದು ನಗುತ್ತಿದ್ದರು. ನಗು ನಿಲ್ಲುವ ಒಂದು ದಿನ ಬಂತು.

ಅವರ ಕುಟುಂಬಕ್ಕೆ ಗ್ರಾಮದ ಪೂರ್ವದ ಎಲ್ಲೆಯ ಬಳಿ ಪಕ್ಕಪಕ್ಕದ ಎರಡು ಸರ್ವೆ ನಂಬರುಗಳಿದ್ದವು. ತಂದೆಯ ಕಾಲದಲ್ಲಿಯೇ ಬಾಯಿಮಾತಿನಲ್ಲಿ ಪಾಲಾಗಿ, ಪೂರ್ವದ ನಂಬರು ಅಣ್ಣನಿಗೂ ಪಶ್ಚಿಮದ ನಂಬರು ತಮ್ಮನಾದ ಈ ಭೂಮಾಪಕರಿಗೂ ಸೇರಿತ್ತು. ಅಣ್ಣತಮ್ಮಂದಿರು ಬದುಕಿರುವಷ್ಟು ಕಾಲ ಎರಡನ್ನೂ ಒಟ್ಟಿಗೆ ಉತ್ತರು. ಉತ್ತು ಉತ್ತು ನಡುವಣ ಬದು ನೆಲಸಮವಾಯಿತು. ಗಡಿಕಲ್ಲುಗಳು ಮಣ್ಣಿನಲ್ಲಿ ಹೂತುಹೋದುವು. ಆ ನೆಲದಲ್ಲಿ ತಂದೆಯೇ ತೋಡಿಸಿದ ಒಂದು ಬಾವಿ. ಸುತ್ತಲಿನ ಕೊಳವೆಬಾವಿಗಳು ಬತ್ತಿದರೂ ಅದರ ನೀರು ಬತ್ತಿದುದನ್ನು ಯಾರೂ ಕಂಡಿರಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಅವರ ಇಬ್ಬರು ಮಕ್ಕಳು ವಿಭಾಗಪತ್ರವನ್ನು ಬರೆದು ರಿಜಿಸ್ಟರು ಮಾಡಿಸೋಣವೆಂದರು. ನ್ಯಾಯವಾದ ಮಾತೇ. ಆದರೆ ಬಾವಿ ಯಾವ ನಂಬರಿನಲ್ಲಿದೆ? ಪೂರ್ವದ್ದರಲ್ಲಿ ಎಂದು ಅಣ್ಣನ ಮಕ್ಕಳು; ಪಶ್ಚಿಮದ್ದರಲ್ಲಿ ಎಂದು ಭೂಮಾಪಕರ ಮಗ. ಇಬ್ಬರೂ ಪ್ರಾಮಾಣಿಕವಾಗಿಯೇ ನಂಬಿದ್ದರು. ಬಾವಿ ಗ್ರಾಮದ ನಕಾಶೆ ಸಿದ್ಧವಾದ ಬಹುಕಾಲದ ಮೇಲೆ ತೋಡಿದುದಾದ್ದರಿಂದ ನಕಾಶೆಯಲ್ಲಿ ಅದರ ಗುರುತೇ ಇರಲಿಲ್ಲ.

ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಸರ್ಕಾರದ ಭೂಮಾಪಕರು ಬಂದು, ಮೂಲ ಟಿಪ್ಪಣಿಯನ್ನು ಹಿಡಿದು ಗಡಿಯನ್ನು ತೋರಿಸುವುದು ಸರಿಯಾದ ಕ್ರಮ. ಆದರೆ ಅದಕ್ಕೆ ಮೊದಲೇ ಮನೆಯೊಳಗೆ ಸತ್ಯ ಇಷ್ಟೆಂದು ತಿಳಿದರೆ ಬಂಧುಗಳ ಮುಖ ಕೆಡುವುದಿಲ್ಲವೆಂದು ಹಿರಿಯರಿಗೆ ತೋರಿತು. ಪಟ್ಟಣದಿಂದ ಒಬ್ಬ ಅಳತೆಗಾರನನ್ನು ಕರೆಸಿ, ಕೆರೆಯ ಕೋಡಿ, ಊರ ನಡುವಿನ ಗುಡಿ, ಮೂರು ಗ್ರಾಮಗಳ ಎಲ್ಲೆ ಕೂಡುವ ಕಲ್ಲು, ಬಾವಿ—ಇವೆಲ್ಲವನ್ನೂ ಹೊಸ ಯಂತ್ರದಿಂದ ಅಳೆಯಿಸಿದರು. ಆ ಅಳತೆಗಳನ್ನು ಗಣಕಯಂತ್ರದಲ್ಲಿ ನಕಾಶೆಯಾಗಿ ಬಿಡಿಸುವ ಭಾರ ಮೊಮ್ಮಗಳದಾಯಿತು. ಬೆಂಗಳೂರಿನ ಒಬ್ಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಆಕೆಗೆ ಅದೇ ಕೆಲಸ. ಹೊಸ ನಕಾಶೆಯನ್ನು ಹಳೆಯದರ ಪ್ರಮಾಣದಲ್ಲೇ ಕಾಗದಕ್ಕೆ ಇಳಿಸಿ, ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಬಾವಿ ಯಾವ ನಂಬರಿನ ಮೇಲೆ ಬೀಳುವುದೆಂದು ಕಾಣಬೇಕು. ಉಪಾಯ ಸರಳವಾಗಿತ್ತು.

ಹಳೆಯ ನಕಾಶೆಯ ಪ್ರಮಾಣವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಕರ್ನಾಟಕದ ಹಳೆಯ ಗ್ರಾಮನಕಾಶೆಗಳಲ್ಲಿ ಬಹುವಾಗಿ ಕಾಣುವುದು ಮೈಲಿಗೆ ಎಂಟು ಅಂಗುಲದ ಪ್ರಮಾಣ. ಎಂದರೆ 1ಕ್ಕೆ 7920. ಮೀಟರಿನ ಲೆಕ್ಕದಲ್ಲಿ ಬೆಳೆದವರಿಗೆ ಇದು ತಲೆಬುಡವಿಲ್ಲದ ಸಂಖ್ಯೆ. ಗುಂಟೆಯ ಲೆಕ್ಕದಲ್ಲಿ ಬೆಳೆದವರಿಗೆ ಇದರಷ್ಟು ಸುಲಭವಾದುದಿಲ್ಲ. ಗುಂಟೆಯೆಂದರೆ ಉದ್ದ 33 ಅಡಿ, ಅಗಲ 33 ಅಡಿಯ ಚೌಕ. ಅಂಥ 40 ಗುಂಟೆಗೆ ಒಂದು ಎಕರೆ. ಆ 33 ಅಡಿಯೇ ಭೂಮಾಪಕನ ಒಂದು ಸರಪಳಿ, ಸರಪಳಿಗೆ 16 ಆಣೆ. ಇಪ್ಪತ್ತು ಸರಪಳಿಗೆ 660 ಅಡಿ. 660 ಅಡಿಗೆ 7920 ಅಂಗುಲ. ಆದ್ದರಿಂದ 1ಕ್ಕೆ 7920 ಎಂದರೆ ಕಾಗದದ ಒಂದು ಅಂಗುಲಕ್ಕೆ ನೆಲದ ಇಪ್ಪತ್ತು ಸರಪಳಿ. ಹಿರಿಯರ ಪಟ್ಟಿಯಲ್ಲಿ ಅಂಗುಲಕ್ಕೆ ಇಪ್ಪತ್ತು ಗೀಟುಗಳಿದ್ದುದರ ಗುಟ್ಟು ಇದೇ. ಒಂದು ಗೀಟು, ಒಂದು ಸರಪಳಿ. 1620ರ ಸುಮಾರಿಗೆ ಇಂಗ್ಲೆಂಡಿನ ಎಡ್ಮಂಡ್ ಗುಂಟರನು ಬಳಕೆಗೆ ತಂದ ನೂರು ಕೊಂಡಿಗಳ 66 ಅಡಿ ಸರಪಳಿಯಲ್ಲಿ ಒಂದೊಂದು ಕೊಂಡಿಯ ಉದ್ದ 7.92 ಅಂಗುಲ. ಗುಂಟೆಯ ಸರಪಳಿ ಅದರ ಸರಿಯಾದ ಅರ್ಧ. ಹುಚ್ಚುಹುಚ್ಚಾಗಿ ಕಾಣುವ ಸಂಖ್ಯೆಯ ಹಿಂದೆ ಒಂದು ಕಬ್ಬಿಣದ ಸರಪಳಿ, ಅದನ್ನು ಎಳೆದ ಕೈಗಳು ಇರುತ್ತವೆ.

ಇಂಥ ವಿಶೇಷ ಅಳತೆಗಳು ಈ ನಾಡಿಗೆ ಹೊಸವಲ್ಲ. ಹಿಂದಿನ ಶಾಸನಗಳಲ್ಲಿ ದತ್ತಿ ಬಿಟ್ಟ ಭೂಮಿಯನ್ನು ಇಷ್ಟು ಮತ್ತರೆಂದು ಹೇಳುವಾಗ, ಯಾವ ಗಳೆಯಲ್ಲಿ, ಎಂದರೆ ಯಾವ ಅಳತೆಗೋಲಿನಲ್ಲಿ, ಅಳೆದ ಮತ್ತರೆಂಬುದನ್ನೂ ಹೇಳುವ ಪದ್ಧತಿಯಿತ್ತು. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಂತ ಗಂಡಭೇರುಂಡ ಸ್ತಂಭವನ್ನು ಇಂದಿಗೂ ಕಾಣಬಹುದು. ಆ ಸೀಮೆಯ ಶಾಸನಗಳಲ್ಲಿ ಭೇರುಂಡ ಗಳೆಯ ಹೆಸರು ಬರುತ್ತದೆ. ಸೀಮೆಗೊಂದು ಕೋಲಿದ್ದುದು ತೊಡಕೇ ಸರಿ. ಆದರೆ ಆ ಹಿಂದಿನವರು ಒಂದು ವಿಷಯದಲ್ಲಿ ಎಚ್ಚರವಾಗಿದ್ದರು. ಕೋಲಿನ ಹೆಸರಿಲ್ಲದ ಬರಿಯ ಸಂಖ್ಯೆ ಯಾವ ಭೂಮಿಯನ್ನೂ ಕಾಯಲಾರದೆಂದು ಅವರಿಗೆ ತಿಳಿದಿತ್ತು. ಸ್ವತಂತ್ರ ಭಾರತವು 1956ರಲ್ಲಿ ತೂಕ ಅಳತೆಗಳ ಶಾಸನವನ್ನು ಮಾಡಿ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೀಟರಿನ ಪದ್ಧತಿಯನ್ನು ಜಾರಿಗೆ ತಂದಿತು. ಅಳತೆಗಳು ದೇಶಕ್ಕೆಲ್ಲ ಒಂದಾದುವು. ಹಳೆಯ ನಕಾಶೆಗಳು ಮಾತ್ರ ತಮ್ಮ ಹಳೆಯ ಸರಪಳಿಯಲ್ಲಿಯೇ ಉಳಿದುವು. ಹಳ್ಳಿಯ ಜನರ ಬಾಯಲ್ಲಿ ಎಕರೆ ಗುಂಟೆಗಳೂ ಉಳಿದುವು.

ಇನ್ನು ಗಣಕಯಂತ್ರದ ಕಡೆಗೆ. ಆಟೋಕ್ಯಾಡ್ ಎಂಬ ತಂತ್ರಾಂಶ ಮೊದಲು ಹೊರಬಂದುದು 1982ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ನಕಾಶೆ ಬರೆಯುವವನು ಕಾಗದವನ್ನು ಹಲಗೆಗೆ ಹಚ್ಚಿದ ಕೂಡಲೆ ಮಾಡಬೇಕಾದ ಮೊದಲ ನಿರ್ಧಾರ ಪ್ರಮಾಣದ್ದು. ಅದಿಲ್ಲದೆ ಒಂದು ಗೆರೆಯನ್ನೂ ಎಳೆಯುವಂತಿರಲಿಲ್ಲ. ಯಂತ್ರವು ಈ ಕ್ರಮವನ್ನು ತಿರುಗಿಸಿತು. ಅದರೊಳಗೆ ಎಲ್ಲವನ್ನೂ ಇದ್ದಷ್ಟೇ ಅಳತೆಯಲ್ಲಿ ಬರೆಯುವುದು; ಎರಡು ಮೈಲಿಯ ಗ್ರಾಮಕ್ಕೆ ಎರಡು ಮೈಲಿಯ ಗೆರೆ. ಪ್ರಮಾಣದ ಪ್ರಶ್ನೆ ಬರುವುದು ಕೊನೆಯಲ್ಲಿ, ಕಾಗದಕ್ಕೆ ಇಳಿಸುವಾಗ. 1990ರಲ್ಲಿ ಬಂದ ಆವೃತ್ತಿಯಿಂದ ಕಾಗದಕ್ಕೆಂದೇ ಒಂದು ಬೇರೆಯ ಅಂಗಳವೂ ದೊರೆಯಿತು. ಒಂದು ಕಡೆ ಲೋಕ, ಇನ್ನೊಂದು ಕಡೆ ಕಾಗದ; ನಡುವೆ ವ್ಯೂಪೋರ್ಟೆಂಬ ಒಂದು ಕಿಟಕಿ. ಆ ಕಿಟಕಿಗೆ ಯಾವ ಪ್ರಮಾಣವನ್ನು ಹೇಳಿದರೆ ಲೋಕವು ಆ ಪ್ರಮಾಣಕ್ಕೆ ಕುಗ್ಗಿ ಕಾಣುತ್ತದೆ. ಹೇಳುವ ಶ್ರಮವೂ ಇರಬಾರದೆಂದು ತಂತ್ರಾಂಶವು ಸಿದ್ಧವಾದ ಒಂದು ಪಟ್ಟಿಯನ್ನೇ ಇಟ್ಟಿದೆ: 1ಕ್ಕೆ 1, 2, 4, 5, 8, 10, 16, 20, 30, 40, 50, 100, ಅಡಿ ಅಂಗುಲದವರಿಗೆ ಬೇರೆಯ ಸಾಲು. ಮದುವೆಯ ಊಟದಲ್ಲಿ ಬಡಿಸಿದುದನ್ನು ಉಣ್ಣುವಂತೆ ಹೆಚ್ಚಿನವರು ಈ ಪಟ್ಟಿಯಿಂದಲೇ ಒಂದನ್ನು ಆರಿಸಿಕೊಂಡು ಜೀವನ ಕಳೆಯುತ್ತಾರೆ.

ಮೊಮ್ಮಗಳೂ ಆ ದಿನ ಹಾಗೆಯೇ ಮಾಡಿದಳು. ಅವಳು ನಕಾಶೆಯನ್ನು ಬಿಡಿಸಿದ್ದುದು ಮೀಟರುಗಳಲ್ಲಿ. ಕಾಗದದ ಲೆಕ್ಕ ಮಿಲಿಮೀಟರುಗಳಲ್ಲಿ. ಒಂದು ಮಿಲಿಮೀಟರಿಗೆ 7.92 ಮೀಟರು ಬೇಕಾಗಿತ್ತು. ಪಟ್ಟಿಯಲ್ಲಿ 1ಕ್ಕೆ 8 ಎಂದಿತ್ತು. ನೂರಕ್ಕೆ ಒಂದರ ಅಂತರ. ಕಣ್ಣಿಗೆ ಕಾಣುವಂಥದಲ್ಲ ಎಂದುಕೊಂಡು ಅದನ್ನೇ ಒತ್ತಿ, ಪಟ್ಟಣದ ಅಂಗಡಿಯೊಂದರಲ್ಲಿ ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿಸಿ ತಂದಳು.

ಭಾನುವಾರ ಬೆಳಿಗ್ಗೆ ನಡುಮನೆಯ ಕಿಟಕಿಯ ಗಾಜಿಗೆ ಹಳೆಯ ನಕಾಶೆಯ ಪ್ರತಿಯನ್ನು ಅಂಟಿಸಿದರು; ಅದರ ಮೇಲೆ ಹೊಸದು. ಪಶ್ಚಿಮದ ಕೊನೆಯಲ್ಲಿ ಕೆರೆಯ ಕೋಡಿಯನ್ನು ಕೋಡಿಗೆ ಹೊಂದಿಸಿ ಗುಂಡುಸೂಜಿ ಚುಚ್ಚಿ, ರಸ್ತೆಯನ್ನು ರಸ್ತೆಯ ನೇರಕ್ಕೆ ತಿರುಗಿಸಿದರು. ಬಿಸಿಲು ಎರಡು ಹಾಳೆಗಳನ್ನೂ ಹಾದು ಬಂತು. ಬಾವಿಯ ಸುತ್ತಿನ ಗುರುತು ಎರಡು ನಂಬರುಗಳ ನಡುವಿನ ಗೆರೆಯಿಂದ ಈಚೆಗೆ, ಪಶ್ಚಿಮಕ್ಕೆ, ಒಂದು ಸರಪಳಿಯಷ್ಟು ದೂರದಲ್ಲಿ ಬಿದ್ದಿತ್ತು. ಬಾವಿ ಭೂಮಾಪಕರ ಪಾಲಿನದಾಯಿತು.

ಮನೆಯಲ್ಲಿ ಯಾರೂ ಗಟ್ಟಿಯಾಗಿ ಸಂತೋಷಪಡಲಿಲ್ಲ. ಆದರೆ ಸೊಸೆ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು; ಮಗ ಹೆಗಲಿನ ಟವೆಲನ್ನು ತೆಗೆದು ಮುಖ ಒರೆಸಿಕೊಂಡು, "ನಾನು ಮೊದಲೇ ಹೇಳಿರಲಿಲ್ಲವೆ, ಅಪ್ಪ? ಮಧ್ಯಾಹ್ನ ಅವರನ್ನೂ ಕರೆಸಿ ತೋರಿಸಿಬಿಡೋಣ" ಎಂದನು. ಬೇಕಾದ ಉತ್ತರ ಯಂತ್ರದಿಂದ ಬಂದಾಗ ಮನುಷ್ಯನಿಗೆ ಯಂತ್ರದ ಮೇಲೆ ಹುಟ್ಟುವ ವಿಶ್ವಾಸಕ್ಕೆ ಮಿತಿಯಿಲ್ಲ.

ಹಿರಿಯರು ಮಾತಾಡಲಿಲ್ಲ. ಪೆಟ್ಟಿಗೆಯಿಂದ ಭೂತಗನ್ನಡಿಯನ್ನು ತರಿಸಿಕೊಂಡು ಬಾವಿಯ ಬಳಿ ನೋಡದೆ, ಹಾಳೆಯ ಪೂರ್ವದ ತುದಿಯಲ್ಲಿ ಮೂರು ಗ್ರಾಮಗಳ ಎಲ್ಲೆಕಲ್ಲಿನ ಬಳಿ ನೋಡಿದರು. ಹೊಸ ನಕಾಶೆಯ ಕಲ್ಲು ಹಳೆಯ ಕಲ್ಲಿನ ಮೇಲೆ ಇರಲಿಲ್ಲ. ಅದೂ ಪಶ್ಚಿಮಕ್ಕೆ ಸರಿದಿತ್ತು. ಅಳೆದರೆ ಮೂರು ಗೀಟು, ಮೇಲೆ ಸ್ವಲ್ಪ. ಆಮೇಲೆ ಊರ ನಡುವಿನ ಗುಡಿಯ ಬಳಿಗೆ ಬಂದರು. ಅದು ಒಂದೂವರೆ ಗೀಟು ಸರಿದಿತ್ತು.

"ಮಗು, ಇಲ್ಲಿ ಬಾ" ಎಂದು ಮೊಮ್ಮಗಳನ್ನು ಕರೆದರು. "ಬಾವಿ ನಡೆದು ನಮ್ಮ ಹೊಲಕ್ಕೆ ಬಂತು ಅಂತಲೇ ಇಟ್ಟುಕೊಳ್ಳೋಣ. ಈ ಎಲ್ಲೆಕಲ್ಲು ಯಾಕಮ್ಮ ನಡೆಯಿತು? ಗುಡಿ ಯಾಕೆ ಅರ್ಧ ದಾರಿ ನಡೆಯಿತು?"

"ಅಳತೆಯಲ್ಲೇ ಏನೋ ತಪ್ಪಿರಬೇಕು, ತಾತ."

"ಅಳತೆಯ ತಪ್ಪು ಒಂದೊಂದು ಕಡೆ ಒಂದೊಂದು ಥರ ಇರುತ್ತೆ. ಹಾಳೆ ಇಟ್ಟ ಜಾಗದ ತಪ್ಪಾದರೆ ಎಲ್ಲ ಕಡೆಯೂ ಒಂದೇ ಸಮ ಇರುತ್ತೆ. ಇದು ದೂರ ಹೋದಷ್ಟೂ ಹೆಚ್ಚುತ್ತಾ ಹೋಗಿದೆ. ಇದು ಪ್ರಮಾಣದ ತಪ್ಪು. ಯಾವ ಪ್ರಮಾಣದಲ್ಲಿ ಇಳಿಸಿದೆ?"

ಅವಳ ಮುಖ ಸಣ್ಣದಾಯಿತು. ಇದ್ದುದನ್ನು ಇದ್ದಂತೆ ಹೇಳಿದಳು. ಲೆಕ್ಕ ಹಾಕಿ ನೋಡಿದರೆ ಎಲ್ಲವೂ ಸರಿಹೋಯಿತು. ಗ್ರಾಮದ ಉದ್ದ ಎರಡು ಮೈಲಿ. ಹಳೆಯ ನಕಾಶೆಯಲ್ಲಿ 16 ಅಂಗುಲ. ನೂರಕ್ಕೆ ಒಂದರಂತೆ ಕುಗ್ಗಿದರೆ ತುದಿಯಲ್ಲಿ 0.16 ಅಂಗುಲ, ಸುಮಾರು 4 ಮಿಲಿಮೀಟರು. ನೆಲದ ಮೇಲೆ ಅದು 105 ಅಡಿಗೂ ಹೆಚ್ಚು. ಮೂರು ಸರಪಳಿ ಮೂರು ಆಣೆ. ನಾಲ್ಕು ಮಿಲಿಮೀಟರೆಂದರೆ ಜೋಳದ ಒಂದು ಕಾಳಿನಷ್ಟು. ಅಷ್ಟರ ಮೇಲೆ ಬಾವಿಯೊಂದು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿತ್ತು.

ಮಗನಿಗೆ ಸಮಾಧಾನವಾಗಲಿಲ್ಲ. "ಹಳೆಯ ಕಾಗದವೇ ತೇವಕ್ಕೆ ಹಿಗ್ಗಿರಬಹುದಲ್ಲ, ಅಪ್ಪ?" ಎಂದನು. ಪ್ರಶ್ನೆ ಅಸಂಗತವಲ್ಲ, ಕಾಗದ ಹಿಗ್ಗುವುದೂ ಕುಗ್ಗುವುದೂ ನಿಜ. ಹಿರಿಯರು ಗಾಜಿನ ಮೇಲಿನ ಹಳೆಯ ನಕಾಶೆಯ ಕೆಳಗಿದ್ದ ಅಳತೆಗೆರೆಯ ಮೇಲೆ ತಮ್ಮ ಪಟ್ಟಿಯನ್ನು ಇಟ್ಟು ತೋರಿಸಿದರು. ಗೀಟಿಗೆ ಗೀಟು ಸರಿಯಿತ್ತು. ಹೊಸ ಹಾಳೆಯಲ್ಲಿ ಅಂಥ ಗೆರೆಯೇ ಇರಲಿಲ್ಲ. ಪ್ರಮಾಣ ಎಷ್ಟೆಂಬ ಬರಹವೂ ಇರಲಿಲ್ಲ. "ಆಣೆ ಇಡದ ಸಾಕ್ಷಿ ಇದು" ಎಂದರು. ಮಗ ಎದ್ದು ಹೊರಗೆ ಹೋದನು. ಕಾಫಿ ಬಂದುದು ತಣ್ಣಗಾಯಿತು.

ಮಧ್ಯಾಹ್ನ ಅಜ್ಜ ಮೊಮ್ಮಗಳು ಗಣಕಯಂತ್ರದ ಮುಂದೆ ಕುಳಿತರು. ಸಿದ್ಧವಾದ ಪಟ್ಟಿಯಲ್ಲಿ ಇಲ್ಲದ ಪ್ರಮಾಣವನ್ನು ಸೇರಿಸಲು ತಂತ್ರಾಂಶದಲ್ಲಿ ದಾರಿಯಿದೆ. ಅದು ಕಷ್ಟವೂ ಅಲ್ಲ. ಸ್ಕೇಲ್‌ಲಿಸ್ಟ್‌ಎಡಿಟ್ ಎಂಬ ಆಜ್ಞೆಯನ್ನು ಕೊಟ್ಟರೆ ಪಟ್ಟಿ ತೆರೆಯುತ್ತದೆ. ಸೇರಿಸು ಎಂದರೆ ಅದು ಮೂರು ಪ್ರಶ್ನೆಗಳನ್ನು ಕೇಳುತ್ತದೆ: ಈ ಪ್ರಮಾಣಕ್ಕೆ ಹೆಸರೇನು? ಕಾಗದದ ಮಾನ ಎಷ್ಟು? ನಕಾಶೆಯ ಮಾನ ಎಷ್ಟು? ಯಂತ್ರವು ಕಾಗದದ ಮಾನ ಮಿಲಿಮೀಟರೋ ಅಂಗುಲವೋ, ನಕಾಶೆಯ ಮಾನ ಮೀಟರೋ ಅಡಿಯೋ ಎಂಬುದನ್ನು ಇಲ್ಲಿ ವಿಚಾರಿಸುವುದಿಲ್ಲ. ಕೊಟ್ಟ ಎರಡು ಸಂಖ್ಯೆಗಳ ಅನುಪಾತವನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ. ಆದ್ದರಿಂದ ಒಂದೇ ಪ್ರಮಾಣವನ್ನು ಮೂರು ವಿಧವಾಗಿ ಹೇಳಬೇಕಾಗಬಹುದು. ನಕಾಶೆಯನ್ನು ಮಿಲಿಮೀಟರುಗಳಲ್ಲಿ ಬರೆದು ಮಿಲಿಮೀಟರಿನ ಕಾಗದಕ್ಕೆ ಇಳಿಸಿದರೆ 1ಕ್ಕೆ 7920. ಅಡಿಗಳಲ್ಲಿ ಬರೆದು ಅಂಗುಲದ ಕಾಗದಕ್ಕೆ ಇಳಿಸಿದರೆ 1ಕ್ಕೆ 660. ಮೀಟರುಗಳಲ್ಲಿ ಬರೆದು ಮಿಲಿಮೀಟರಿನ ಕಾಗದಕ್ಕೆ ಇಳಿಸಿದರೆ 1ಕ್ಕೆ 7.92. ಮಾನಗಳನ್ನು ಮರೆತು ಸಂಖ್ಯೆಯನ್ನು ಮಾತ್ರ ನೆನಪಿಟ್ಟವನು ಇಲ್ಲಿ ಎಡವುತ್ತಾನೆ. ಯಂತ್ರವು ಅವನನ್ನು ತಡೆಯುವುದಿಲ್ಲ.

ಮೊಮ್ಮಗಳು ಕಾಗದದ ಮಾನಕ್ಕೆ 1, ನಕಾಶೆಯ ಮಾನಕ್ಕೆ 7.92 ಎಂದು ಒತ್ತಿದಳು. "ಹೆಸರು ಏನು ಕೊಡಲಿ, ತಾತ?" ಎಂದು ಕೇಳಿದಳು. ಹಿರಿಯರು ಯೋಚಿಸಲೂ ಇಲ್ಲ. "ಅಂಗುಲಕ್ಕೆ ಇಪ್ಪತ್ತು ಸರಪಳಿ ಅಂತ ಬರಿ" ಎಂದರು. ಹಾಗೆಯೇ ಬರೆದಳು. ಕಿಟಕಿಗೆ ಆ ಪ್ರಮಾಣವನ್ನು ಹಚ್ಚಿ, ಇನ್ನು ಅಕಸ್ಮಾತ್ತಾಗಿ ಕೈತಗುಲಿ ಬದಲಾಗದಂತೆ ಅದಕ್ಕೆ ಬೀಗ ಹಾಕಿದಳು. ವ್ಯೂಪೋರ್ಟಿಗೆ ಬೀಗ ಹಾಕುವ ಅನುಕೂಲ ತಂತ್ರಾಂಶದಲ್ಲಿಯೇ ಉಂಟು. ಅಷ್ಟಕ್ಕೇ ಹಿರಿಯರು ಬಿಡಲಿಲ್ಲ. ಗ್ರಾಮದ ಗೆರೆಗಳ ಪಕ್ಕದಲ್ಲಿ, ನೆಲದ ಅಳತೆಯಲ್ಲಿಯೇ, ನೂರು ಸರಪಳಿ ಉದ್ದದ ಒಂದು ಗೆರೆಯನ್ನು ಎಳೆಯಿಸಿ, ಹತ್ತು ಹತ್ತಕ್ಕೆ ಗುರುತು ಹಾಕಿಸಿದರು. ನಕಾಶೆಯ ಜತೆಗೆ ಈ ಗೆರೆಯೂ ಕುಗ್ಗಿ ಕಾಗದಕ್ಕೆ ಬರುತ್ತದೆ. ಪ್ರಮಾಣ ಸರಿಯಿದ್ದರೆ ಕಾಗದದಲ್ಲಿ ಅದು 5 ಅಂಗುಲವಿರಬೇಕು.

ಮಾರನೆಯ ದಿನ ಅವರೇ ಮೊಮ್ಮಗಳ ಜತೆಯಲ್ಲಿ ಬಸ್ಸು ಹತ್ತಿ ಪಟ್ಟಣಕ್ಕೆ ಹೋದರು. ಅಳತೆಪಟ್ಟಿ ಜುಬ್ಬದ ಜೇಬಿನಲ್ಲಿತ್ತು. ಅಂಗಡಿಯ ಹುಡುಗನು ಹಾಳೆಯನ್ನು ಅಚ್ಚು ಹಾಕಿ ಕೊಟ್ಟನು. ಹಿರಿಯರು ಅಲ್ಲಿಯೇ ಗಾಜಿನ ಮೇಜಿನ ಮೇಲೆ ಪಟ್ಟಿಯನ್ನು ಇಟ್ಟು ನೋಡಿದರು. ನೂರು ಗೀಟು ಇರಬೇಕಾದ ಗೆರೆ ತೊಂಬತ್ತೇಳಕ್ಕೆ ನಿಂತಿತು. ಹುಡುಗನು ತಬ್ಬಿಬ್ಬಾದನು. ಅವನಲ್ಲಿ ಮೋಸವೇನೂ ಇರಲಿಲ್ಲ. ಬಂದ ಪಿಡಿಎಫ್ ಕಡತವನ್ನೆಲ್ಲ ಹಾಳೆಗೆ ಹೊಂದುವಂತೆ ಕುಗ್ಗಿಸುವುದು ಆ ಅಂಗಡಿಯ ರೂಢಿ. ಮದುವೆಯ ಕರೆಯೋಲೆಗೆ, ಅಂಗಡಿಯ ಫಲಕಕ್ಕೆ ಅದರಿಂದ ಅಂದವೇ ಹೊರತು ಹಾನಿಯಿಲ್ಲ. ನಕಾಶೆಗೆ ಮಾತ್ರ ಅದು ಪ್ರಾಣಹಾನಿ. ಏಕೆಂದರೆ ಅಂಚಿನಲ್ಲಿ ಬರೆದ 1ಕ್ಕೆ 7920 ಎಂಬ ಅಕ್ಷರಗಳು ಹಾಳೆ ಕುಗ್ಗಿದರೂ ಹಾಗೆಯೇ ಇರುತ್ತವೆ, ಸುಳ್ಳನ್ನು ನಿಜದ ಮುಖದಿಂದ ಹೇಳುತ್ತವೆ. ಎಳೆದ ಗೆರೆ ಹಾಗಲ್ಲ. ನಕಾಶೆ ಕುಗ್ಗಿದರೆ ತಾನೂ ಕುಗ್ಗಿ, ತನ್ನ ಮೇಲೆ ಪಟ್ಟಿಯಿಟ್ಟವನಿಗೆ ನಡೆದುದನ್ನು ಹೇಳಿಬಿಡುತ್ತದೆ. ನೂರಕ್ಕೆ ನೂರರ ಅಳತೆಯಲ್ಲಿ ಮತ್ತೊಮ್ಮೆ ಅಚ್ಚು ಹಾಕಿಸಿದರು. ಗೆರೆ ನೂರು ಗೀಟಿಗೆ ಸರಿಯಾಗಿ ಬಂತು.

ಆ ಸಂಜೆ ಅಣ್ಣನ ಮಕ್ಕಳನ್ನೂ ಕರೆಸಿದರು. ಬೆಳಕು ಇಳಿದಿತ್ತಾದ್ದರಿಂದ ಗಾಜಿನ ಹಿಂದೆ ದೀಪವನ್ನು ಹಿಡಿಯಬೇಕಾಯಿತು. ಕೋಡಿ ಕೋಡಿಯ ಮೇಲೆ ಕುಳಿತಿತು. ಗುಡಿ ಗುಡಿಯ ಮೇಲೆ. ಎಲ್ಲೆಕಲ್ಲು ಎಲ್ಲೆಕಲ್ಲಿನ ಮೇಲೆ. ಬಾವಿ ಗಡಿಯ ಗೆರೆಯಿಂದ ಎರಡು ಗೀಟು ಆಚೆಗೆ, ಪೂರ್ವಕ್ಕೆ ಬಿದ್ದಿತು. ಅಣ್ಣನ ಮಕ್ಕಳ ಪಾಲು.

ಹಿರಿಯರು ಮೊದಲ ಹಾಳೆಯನ್ನೂ ತೆಗೆದು ಅವರ ಮುಂದಿಟ್ಟರು. ಅದರಲ್ಲಿ ಬಾವಿ ಎಲ್ಲಿ ಬಿದ್ದಿತ್ತು, ಏಕೆ ಬಿದ್ದಿತ್ತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಮೊಮ್ಮಗಳು ತಲೆ ತಗ್ಗಿಸಿಕೊಂಡಿದ್ದಳು. ದೊಡ್ಡವನು ಎರಡು ಹಾಳೆಗಳನ್ನೂ ಬಹಳ ಹೊತ್ತು ನೋಡಿ, "ಇದನ್ನು ನಮಗೆ ತೋರಿಸದೆ ಇದ್ದಿದ್ದರೂ ನಮಗೆ ತಿಳಿಯುತ್ತಿರಲಿಲ್ಲ, ಚಿಕ್ಕಪ್ಪ" ಎಂದನು.

"ನಿಮಗೆ ತಿಳಿಯುತ್ತಿರಲಿಲ್ಲ. ಎಲ್ಲೆಕಲ್ಲಿಗೆ ತಿಳಿದಿತ್ತಲ್ಲಪ್ಪ" ಎಂದು ಅವರು ನಕ್ಕರು. ಆಮೇಲೆ ಭೂಮಾಪಕರಾಗಿ ಮಾತಾಡಿದರು. ಈ ನಕಾಶೆಯಲ್ಲಿ ಸೀಸದಕಡ್ಡಿಯ ಒಂದು ಸಣ್ಣ ಗೆರೆಯೇ ನೆಲದ ಐದು ಅಡಿಯನ್ನು ನುಂಗುತ್ತದೆ. ಬಾವಿ ಎರಡು ಸರಪಳಿ ಒಳಗಿರುವುದರಿಂದ ಇಷ್ಟು ಧೈರ್ಯವಾಗಿ ಹೇಳಬಹುದೇ ಹೊರತು, ಗಡಿಯ ಕಲ್ಲನ್ನು ಇದರಿಂದ ನೆಡಲಾಗದು. ಅದಕ್ಕೆ ಹದ್ದುಬಸ್ತೇ ಆಗಬೇಕು. ಅರ್ಜಿಗೆ ಎರಡು ಮನೆಯವರೂ ಸೇರಿ ರುಜು ಹಾಕಬೇಕು. ಹಾಗೆಯೇ ಆಯಿತು. ಸರ್ಕಾರದ ಅಳತೆಯಲ್ಲಿಯೂ ಬಾವಿ ಪೂರ್ವದ ನಂಬರಿನಲ್ಲಿಯೇ ಉಳಿಯಿತು. ವಿಭಾಗಪತ್ರ ಬರೆಯುವಾಗ ಅಣ್ಣನ ಮಕ್ಕಳು ತಾವಾಗಿಯೇ ಒಂದು ವಾಕ್ಯವನ್ನು ಸೇರಿಸಿದರು: ವಾರಕ್ಕೆ ಮೂರು ದಿನ ಆ ಬಾವಿಯ ನೀರು ಚಿಕ್ಕಪ್ಪನ ಮನೆಯವರಿಗೆ. ಮೊದಲ ಹಾಳೆಯನ್ನು ಹಿಡಿದುಕೊಂಡು ವಾದಿಸಿದ್ದರೆ ನ್ಯಾಯಸ್ಥಾನದ ಮೆಟ್ಟಿಲು ಸವೆಯುತ್ತಿತ್ತೇ ಹೊರತು ಆ ವಾಕ್ಯ ಬರುತ್ತಿರಲಿಲ್ಲ. ಮಗನು ಎಷ್ಟೋ ದಿನ ಈ ಮಾತನ್ನು ಎತ್ತಲಿಲ್ಲ. ಕೊನೆಗೊಂದು ದಿನ ಬಾವಿಯಿಂದ ತನ್ನ ಹೊಲಕ್ಕೆ ನೀರು ತಿರುಗಿಸಿ ಬಂದು, ತಂದೆಯ ಪಕ್ಕದಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡನು. ಅಷ್ಟು ಸಾಕಾಗಿತ್ತು.

ಯಂತ್ರಗಳ ಕಾಲದಲ್ಲಿ ಮನುಷ್ಯನ ಎಚ್ಚರಕ್ಕೆ ಕೆಲಸ ಕಡಿಮೆಯಾಯಿತೆಂದು ಹೇಳುವವರುಂಟು. ಈ ಸಂಗತಿ ಹಾಗೆ ಹೇಳುವುದಿಲ್ಲ. ಹಲಗೆಯ ಮೇಲೆ ಬರೆಯುತ್ತಿದ್ದವನು ಪ್ರಮಾಣವನ್ನು ಮೊದಲೇ ಗೊತ್ತುಮಾಡಿಕೊಂಡು, ಗೆರೆಗೆರೆಗೂ ಅದನ್ನು ನೆನೆಯುತ್ತಿದ್ದನು. ಮರೆಯಲು ಅವನಿಗೆ ಅವಕಾಶವೇ ಇರಲಿಲ್ಲ. ಇಂದು ಅದು ಕೊನೆಯ ಗಳಿಗೆಯಲ್ಲಿ, ಒಂದು ಪಟ್ಟಿಯಿಂದ, ಬೆರಳಿನ ಒಂದು ಒತ್ತಿನಲ್ಲಿ ಮುಗಿಯುತ್ತದೆ. ಶ್ರಮ ಕಡಿಮೆಯಾಗಿದೆ, ಹೊಣೆ ಕಡಿಮೆಯಾಗಿಲ್ಲ. ಸಿದ್ಧವಾದ ಪಟ್ಟಿಯಲ್ಲಿ ಹತ್ತಿರದ ಸಂಖ್ಯೆ ಯಾವಾಗಲೂ ಒಂದು ಇದ್ದೇ ಇರುತ್ತದೆ. ಹತ್ತಿರದ್ದಕ್ಕೂ ಸರಿಯಾದುದಕ್ಕೂ ನಡುವೆ ಎಷ್ಟು ದೂರವೆಂಬುದು ಹಾಳೆಯ ಈ ತುದಿಯಲ್ಲಿ ಕಾಣುವುದಿಲ್ಲ, ಆ ತುದಿಗೆ ಹೋಗಿ ನೋಡಬೇಕು. ಅಲ್ಲಿ ಯಾರದೋ ಬಾವಿ ಇರುತ್ತದೆ.

ಬೆಂಗಳೂರಿಗೆ ಹಿಂದಿರುಗಿದ ಮೇಲೆ ಮೊಮ್ಮಗಳು ಒಂದು ವಿಷಯವನ್ನು ಗಮನಿಸಿದಳು. ತಾನು ಸೇರಿಸಿದ ಪ್ರಮಾಣವು ಆ ಒಂದು ಕಡತದೊಳಗೆ ಮಾತ್ರ ಉಳಿದಿತ್ತು. ಹೊಸ ಕಡತವನ್ನು ತೆರೆದರೆ ಮತ್ತೆ ಅದೇ ಹಳೆಯ ಪಟ್ಟಿ. ಪ್ರತಿಯೊಂದು ನಕಾಶೆಯೂ ತನ್ನ ಪಟ್ಟಿಯನ್ನು ತನ್ನಲ್ಲಿಯೇ ಇಟ್ಟುಕೊಳ್ಳುವುದು ಆ ತಂತ್ರಾಂಶದ ಕ್ರಮ. ಎಲ್ಲ ಹೊಸ ನಕಾಶೆಗಳಿಗೂ ದೊರೆಯಬೇಕಾದರೆ ಮೂಲದ ಪಟ್ಟಿಯಲ್ಲಿಯೇ ಬೇರೆಯಾಗಿ ಸೇರಿಸಬೇಕು. ಅವಳು ಸೇರಿಸಿದಳು. ಅಂದಿನಿಂದ ಆ ಕಚೇರಿಯ ಅವಳ ಯಂತ್ರದಲ್ಲಿ, ಮಹಲುಗಳಿಗೂ ಅಂಗಡಿಗಳಿಗೂ ಬೇಕಾದ ಐವತ್ತು ನೂರುಗಳ ಕೆಳಗೆ, ಯಾವ ಕೆಲಸಕ್ಕೂ ಬಾರದ ಒಂದು ಸಾಲು ಕನ್ನಡದಲ್ಲಿ ಕುಳಿತಿದೆ. ನೋಡಿದವರು ಇದೇನೆಂದು ಕೇಳಿದರೆ ಅವಳು, "ನಮ್ಮ ತಾತನ ಪ್ರಮಾಣ" ಎನ್ನುತ್ತಾಳೆ. ಯಾವ ಅರ್ಥದಲ್ಲಿ ಎಂದು ಯಾರೂ ಕೇಳಿಲ್ಲ.